ಇಲ್ಮಾರಿಯ ಜೊತೆ ಮೂರು ಊರು, ಮೂರು ಪಂದ್ಯ

ಫೆಬ್ರುವರಿಯ ಒಂದು ಬುಧವಾರ ಬೆಳಿಗ್ಗೆ ಎಂಟಕ್ಕೆ ಫ್ಲವರ್ ಮೌಂಡಿನ ನನ್ನ ತಂಗಿಯ ಮನೆಯಿಂದ ಹೊರಟೆವು. ಹೊರಗೆ ಮೂರು ಡಿಗ್ರಿ ಚಳಿ, ಮೇಲೆ ಉತ್ತರದ ಗಾಳಿ. ಧಾರವಾಡದಿಂದ ತಂದಿದ್ದ ಎರಡೂ ಸ್ವೆಟರುಗಳನ್ನು ಒಂದರ ಮೇಲೊಂದು ಹಾಕಿಕೊಂಡು ಕಿವಿಗೆ ಮಫ್ಲರ್ ಸುತ್ತಿಕೊಂಡಿದ್ದೆ. ನಮ್ಮ ಜೊತೆ ಹೊರಟಿದ್ದ ಇಲ್ಮಾರಿ ಮಾತ್ರ ಅರ್ಧ ತೋಳಿನ ಅಂಗಿಯಲ್ಲಿ ವ್ಯಾನಿನ ಪಕ್ಕ ನಿಂತು ಆರಾಮವಾಗಿ ಕಾಫಿ ಕುಡಿಯುತ್ತಿದ್ದ. ಫಿನ್‌ಲ್ಯಾಂಡಿನವನಿಗೆ ಇದು ಚಳಿಯ ಲೆಕ್ಕಕ್ಕೇ ಬರುವುದಿಲ್ಲವಂತೆ.

ನಾನು ಧಾರವಾಡದ ಹೈಸ್ಕೂಲೊಂದರಲ್ಲಿ ಪಿ.ಟಿ. ಮಾಸ್ತರನಾಗಿದ್ದು ನಿವೃತ್ತನಾದವನು. ರಜಾ ದಿನಗಳಲ್ಲಿ ಊರಿನ ಫುಟ್‌ಬಾಲ್ ಪಂದ್ಯಗಳಿಗೆ ಲೈನ್ಸ್‌ಮನ್. ಇಪ್ಪತ್ತಾರು ವರ್ಷ ಬಾವುಟ ಹಿಡಿದು ಮೈದಾನದ ಗೆರೆಯುದ್ದಕ್ಕೂ ಓಡಿದ್ದೇನೆ, ಎರಡೂ ತಂಡದವರಿಂದ ಸಮನಾಗಿ ಬೈಸಿಕೊಂಡಿದ್ದೇನೆ. ನನ್ನ ತಂಗಿ ಸುಮಿತ್ರಾ ನನಗಿಂತ ಒಂಬತ್ತು ವರ್ಷ ಚಿಕ್ಕವಳು, ಫಿಸಿಯೋಥೆರಪಿಸ್ಟ್. ಟೆಕ್ಸಸ್ಸಿಗೆ ಬಂದು ಇಪ್ಪತ್ತು ವರ್ಷವಾದರೂ ಬೈಯುವುದನ್ನು ಇನ್ನೂ ಧಾರವಾಡದ ಕನ್ನಡದಲ್ಲೇ ಮಾಡುತ್ತಾಳೆ. ಮೂರು ತಿಂಗಳು ಅವಳ ಮನೆಯಲ್ಲಿ ಇದ್ದು ಹೋಗಲು ಬಂದಿದ್ದೆ.

ಇಲ್ಮಾರಿಗೆ ಮೂವತ್ತಮೂರು ವರ್ಷ. ಹದಿನಾರು ವರ್ಷದಿಂದ ಫುಟ್‌ಬಾಲೇ ಅವನ ಹೊಟ್ಟೆಪಾಡು, ಮಿಡ್‌ಫೀಲ್ಡರ್. ಹಿಂದಿನ ವರ್ಷ ಎಡ ಮೊಣಕಾಲಿನ ಒಳಗಿನ ಲಿಗಮೆಂಟು ಹರಿದು ಆಪರೇಷನ್ ಆಗಿತ್ತು. ಆಡುತ್ತಿದ್ದ ತಂಡ ಕೈಬಿಟ್ಟಿತ್ತು. ಸುಮಿತ್ರಾಳ ಕ್ಲಿನಿಕ್ಕಿಗೆ ಊರುಗೋಲು ಹಿಡಿದು ಬಂದವನು ಕೊನೆಗೆ ಅವಳ ಮನೆಯ ಮಹಡಿಯ ಕೋಣೆಯಲ್ಲೇ ಬಾಡಿಗೆಗೆ ಉಳಿದಿದ್ದ. ಹತ್ತು ತಿಂಗಳು ಅವಳು ಆ ಮೊಣಕಾಲನ್ನು ದಿನಾ ಮಡಚಿಸಿ, ಚಾಚಿಸಿ, ಅಳಿಸಿ ಸರಿಮಾಡಿದ್ದಳು.

ಈಗ ಅದಕ್ಕೆ ಪರೀಕ್ಷೆ ಬಂದಿತ್ತು. ಉತ್ತರದ ಹಿಮದ ರಾಜ್ಯವೊಂದರ ಎರಡನೇ ದರ್ಜೆಯ ತಂಡ, ಸೀಸನ್ ಶುರುವಾಗುವ ಮೊದಲು ಅಭ್ಯಾಸಕ್ಕೆಂದು ಟೆಕ್ಸಸ್ಸಿಗೆ ಬಂದಿತ್ತು. ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ಹೀಗೆ ಮೂರು ಊರಲ್ಲಿ ಮೂರು ಪಂದ್ಯ. ಮೂರರಲ್ಲೂ ಇಲ್ಮಾರಿಯನ್ನು ಆಡಿಸಿ ನೋಡುತ್ತಾರೆ. ಹಿಡಿಸಿದರೆ ಒಂದು ವರ್ಷದ ಒಪ್ಪಂದ, ಇಲ್ಲದಿದ್ದರೆ ಕೈಕುಲುಕಿ ಕಳಿಸುತ್ತಾರೆ. ಮೂವತ್ತಮೂರರ, ಕಾಲು ಹೊಲಿಸಿಕೊಂಡ ಆಟಗಾರನನ್ನು ಇನ್ನೊಂದು ತಂಡ ಕರೆಯುವುದಿಲ್ಲ ಎಂಬುದು ಅವನಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಪರೀಕ್ಷೆಗೆ ಬಂದವರಿಗೆ ತಂಡದ ಬಸ್ಸಿಲ್ಲ. ಅವರವರೇ ಬಂದು ಸೇರಬೇಕು. ತಾಸುಗಟ್ಟಲೆ ಕಾಲು ಮಡಚಿ ಡ್ರೈವ್ ಮಾಡಿ ಆಮೇಲೆ ಆಡಬಾರದೆಂದು ಸುಮಿತ್ರಾ ರಜೆ ಹಾಕಿ ತಾನೇ ಸ್ಟಿಯರಿಂಗ್ ಹಿಡಿದಳು. ನಾನು ಬುತ್ತಿಯ ಚೀಲ ಕಾಯುವ ಕೆಲಸಕ್ಕೆ.

ಡಲ್ಲಾಸಿನ ಮೈದಾನ ಮನೆಯಿಂದ ನಲವತ್ತು ನಿಮಿಷದ ದಾರಿ. ಕಾಲೇಜೊಂದರ ಮೈದಾನ, ನೆಲಕ್ಕೆ ಪ್ಲಾಸ್ಟಿಕ್ಕಿನ ಹುಲ್ಲು. ನೋಡಲು ಬಂದವರು ಹೆಚ್ಚೆಂದರೆ ಅರವತ್ತು ಜನ, ಅವರಲ್ಲಿ ಅರ್ಧದಷ್ಟು ಮಂದಿ ಕಾರಿನೊಳಗೇ ಕೂತು ನೋಡುತ್ತಿದ್ದರು. ಸುಮಿತ್ರಾ ಮೆಟ್ಟಿಲಿನ ಮೇಲೆ ಕಂಬಳಿ ಹೊದ್ದು ಕೂತಳು. ನನಗೆ ಮೆಟ್ಟಿಲ ಮೇಲಿಂದ ಆಟ ಕಾಣಿಸುವುದೇ ಇಲ್ಲ. ಗೆರೆಯ ಹತ್ತಿರದ ಬೇಲಿಗೆ ಹೋಗಿ ನಿಂತುಕೊಂಡೆ.

ಎಲ್ಲರೂ ಬಾಲ್ ಎಲ್ಲಿದೆ ಎಂದು ನೋಡುತ್ತಾರೆ. ಲೈನ್ಸ್‌ಮನ್ ಬಾಲ್ ಇಲ್ಲದ ಕಡೆ ನೋಡಬೇಕು, ಅದೇ ಅವನ ಕಸುಬು. ಹಾಗೆ ನೋಡಿ ಅಭ್ಯಾಸವಾದವನಿಗೆ ಒಳ್ಳೆಯ ಮಿಡ್‌ಫೀಲ್ಡರ್ ಅಂದರೆ ಹಬ್ಬ. ಇಲ್ಮಾರಿ ಬಾಲ್ ಬರುವ ಮೊದಲೇ ಒಮ್ಮೆ ಬಲ ಭುಜದ ಮೇಲಿಂದ, ಒಮ್ಮೆ ಎಡ ಭುಜದ ಮೇಲಿಂದ ಹಿಂದೆ ನೋಡುತ್ತಿದ್ದ. ಯಾರು ಎಲ್ಲಿದ್ದಾರೆ ಎಂದು ಮೊದಲೇ ಲೆಕ್ಕ ಹಾಕಿಟ್ಟುಕೊಂಡು, ಬಾಲ್ ಕಾಲಿಗೆ ಬಂದ ಕೂಡಲೇ ತಿರುಗಿ ಮುಂದಕ್ಕೆ ಕಳಿಸುತ್ತಿದ್ದ. ಓಟ ಕಡಿಮೆ, ಕೆಲಸ ಹೆಚ್ಚು. ಅರವತ್ತು ನಿಮಿಷ ಆಡಿದ. ಪಂದ್ಯ ಒಂದು ಒಂದಕ್ಕೆ ಸಮವಾಯಿತು. ಟೋಪಿ ಹಾಕಿಕೊಂಡು ಸೂರ್ಯಕಾಂತಿ ಬೀಜ ಅಗಿಯುತ್ತಿದ್ದ ಎತ್ತರದ ಕೋಚ್ ಪುಸ್ತಕದಲ್ಲಿ ಏನೋ ಬರೆದುಕೊಂಡು, "ಶನಿವಾರ ಸಿಗೋಣ" ಎಂದ. ಅಷ್ಟೇ.

ಆದರೆ ಬೇಲಿಯ ಹತ್ತಿರ ನಿಂತಿದ್ದ ನನಗೆ ಒಂದು ವಿಷಯ ಚುಚ್ಚುತ್ತಿತ್ತು. ರಾತ್ರಿಯ ಅಡುಗೆಗೆ ಈರುಳ್ಳಿ ಹೆಚ್ಚುತ್ತಿದ್ದ ಸುಮಿತ್ರಾಳ ಹತ್ತಿರ ಹೋಗಿ ಹೇಳಿದೆ. "ಸುಮಿ, ಇವ ಎರಡೂ ಕಡೆ ನೋಡ್ತಾನ, ಆದ್ರ ಒಮ್ಮೆನೂ ಎಡಕ್ಕ ತಿರುಗಲಿಲ್ಲ ನೋಡು. ಎಲ್ಲಾ ಬಲಕ್ಕs."

ಅವಳು ತಲೆ ಎತ್ತಲಿಲ್ಲ. "ಗೊತ್ತದ ಅಣ್ಣಾ. ಎಡಕ್ಕ ತಿರುಗುವಾಗನs ಅದು ಹರಿದಿದ್ದು. ಈಗ ಮೊಣಕಾಲು ಛಲೋ ಅದ, ನಾ ಬರದು ಕೊಡ್ತೀನಿ. ಆದ್ರ ಕಾಲಿಗೆ ನೆನಪು ಹೋಗಿಲ್ಲ."

"ಹಂಗಾದ್ರ ಹೇಳೂಣು."

"ನೀ ಬಾಯಿ ತೆಗೀಬ್ಯಾಡ. ಪಂದ್ಯದ ನಡುವ ಅವನ ತಲಿ ಕೆಡಸಬ್ಯಾಡ."

ಇಪ್ಪತ್ತಾರು ವರ್ಷ ತಪ್ಪು ಕಂಡ ಕೂಡಲೇ ಬಾವುಟ ಎತ್ತಿದವನಿಗೆ ಬಾಯಿ ಮುಚ್ಚಿಕೊಂಡಿರುವುದು ಎಂಥ ಕಷ್ಟ ಎಂದು ಅವಳಿಗೇನು ಗೊತ್ತು. ಆದರೂ ಮುಚ್ಚಿಕೊಂಡೆ.

ಶನಿವಾರ ಬೆಳಿಗ್ಗೆ ಆರಕ್ಕೇ ಹ್ಯೂಸ್ಟನ್ನಿಗೆ ಹೊರಟೆವು. ಇನ್ನೂರ ಅರವತ್ತು ಮೈಲು. ನಮ್ಮ ಲೆಕ್ಕದಲ್ಲಿ ಧಾರವಾಡದಿಂದ ಬೆಂಗಳೂರಿಗೆ ಹೋದಷ್ಟು ದೂರ. ಇಲ್ಮಾರಿ ನಡುವಿನ ಸೀಟಿನಲ್ಲಿ ಎಡಗಾಲು ಉದ್ದಕ್ಕೆ ಚಾಚಿ, ಕೆಳಗೆ ದಿಂಬು ಇಟ್ಟುಕೊಂಡು ಕೂತ. ತಾಸಿಗೊಮ್ಮೆ ಸುಮಿತ್ರಾ ವ್ಯಾನು ನಿಲ್ಲಿಸಿ ಅವನನ್ನು ಹತ್ತು ನಿಮಿಷ ಅಡ್ಡಾಡಿಸುತ್ತಿದ್ದಳು. ಒಂದು ಕಡೆ ನಿಲ್ಲಿಸಿದ ಅಂಗಡಿ ನಮ್ಮ ಶಾಲೆಯ ಮೈದಾನದಷ್ಟಿತ್ತು. ಪೆಟ್ರೋಲ್ ಪಂಪುಗಳನ್ನು ಎಣಿಸಲು ಶುರುಮಾಡಿ ಐವತ್ತಕ್ಕೆ ಬಿಟ್ಟೆ. ಅಲ್ಲಿಯ ಶೌಚಾಲಯ ಎಷ್ಟು ಚೊಕ್ಕಟವಾಗಿತ್ತೆಂದರೆ ಚಪ್ಪಲಿ ಹೊರಗೆ ಬಿಡಬೇಕೇನೋ ಎಂದು ಅರೆಕ್ಷಣ ಯೋಚಿಸಿದೆ.

ಇಲ್ಮಾರಿ ಮಾತು ಕಡಿಮೆಯವನು. ಒಂದು ಪ್ರಶ್ನೆ ಕೇಳಿದರೆ ಅರ್ಧ ಮೈಲು ದಾಟಿದ ಮೇಲೆ ಉತ್ತರ ಬರುತ್ತಿತ್ತು. ಆದರೆ ಆ ನಾಲ್ಕು ತಾಸಿನಲ್ಲಿ, ಬೋಳು ಓಕ್ ಮರಗಳನ್ನೂ ಪೈನ್ ಕಾಡನ್ನೂ ದಾಟುತ್ತಾ, ಅವನ ಆಟದ ಬದುಕೆಲ್ಲ ತುಂಡು ತುಂಡಾಗಿ ಹೊರಗೆ ಬಂತು. ನಮ್ಮ ಮಾತು ನಡೆದದ್ದು ಇಂಗ್ಲಿಷಿನಲ್ಲಿ. ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ.

ಅವನ ಊರು ಫಿನ್‌ಲ್ಯಾಂಡಿನ ಉತ್ತರಕ್ಕೆ. ಚಿಕ್ಕಂದಿನಲ್ಲಿ ಆಡಿದ್ದು ಮರಳು ಮೈದಾನದಲ್ಲಿ, ಬಿದ್ದರೆ ಮಂಡಿ ತರಚುತ್ತಿತ್ತು. ಬೇಸಿಗೆಯಲ್ಲಿ ಹೊತ್ತು ಮುಳುಗುವುದೇ ಇಲ್ಲವಾದ್ದರಿಂದ ಅಜ್ಜಿ ಕೂಗುವ ತನಕ ಆಟ. ಚಳಿಗಾಲದಲ್ಲಿ ಗಾಳಿ ತುಂಬಿ ಉಬ್ಬಿಸಿದ ದೊಡ್ಡ ಡೇರೆಯೊಳಗೆ ಅಭ್ಯಾಸ. ಹದಿನೇಳಕ್ಕೆ ಊರಿನ ತಂಡ, ಇಪ್ಪತ್ತಕ್ಕೆ ನಾರ್ವೆ, ಇಪ್ಪತ್ತಮೂರಕ್ಕೆ ನೆದರ್‌ಲ್ಯಾಂಡಿನ ಎರಡನೇ ದರ್ಜೆ. ಅಲ್ಲಿ ಮಿಡ್‌ಫೀಲ್ಡರ್ ಅಂದರೆ ಹಿಂದೆ ನೋಡುವವನು ಎಂದು ಒಬ್ಬ ಮುದುಕ ಕೋಚ್ ಕಲಿಸಿದನಂತೆ. ದೇಶದ ತಂಡಕ್ಕೆ ಎರಡು ಸಲ ಕರೆ ಬಂದಿತ್ತು. ಒಂದು ಸಲ ಬೆಂಚಿನ ಮೇಲೇ ಕೂತು ಬಂದ. ಇನ್ನೊಂದು ಸಲ ಕೊನೆಯ ಹನ್ನೊಂದು ನಿಮಿಷ ಆಡಿಸಿದರು.

"ಹನ್ನೊಂದು ನಿಮಿಷದಲ್ಲಿ ಏನು ಮಾಡಿದೆ?" ಎಂದೆ.

ಅರ್ಧ ಮೈಲು ದಾಟಿತು. "ಒಂಬತ್ತು ಪಾಸ್. ಒಂಬತ್ತೂ ಸರಿಯಾಗಿ ಹೋದವು" ಎಂದ. ಹೇಳುವಾಗ ಅವನ ಮುಖ ನೋಡಬೇಕಿತ್ತು.

ಬುತ್ತಿ ಬಿಚ್ಚಿದೆ. ಕಡಕ್ ರೊಟ್ಟಿ, ಬೆಣ್ಣೆ, ಶೇಂಗಾ ಚಟ್ನಿಪುಡಿ. ನಮ್ಮ ಜೋಳದ ಕಡಕ್ ರೊಟ್ಟಿಯೆಂದರೆ ಇಲ್ಮಾರಿಗೆ ಜೀವ. ಅವರ ಊರಲ್ಲೂ ಹೀಗೇ ಲಟಲಟ ಮುರಿಯುವ ಒಣ ರೊಟ್ಟಿ ಇದೆಯಂತೆ, ಬೆಣ್ಣೆ ಹಚ್ಚಿಕೊಂಡು ತಿನ್ನುತ್ತಾರಂತೆ. ತಿಂದು ಮುಗಿಸಿ, ಮಡಿಲಿಗೆ ಬಿದ್ದ ಚೂರುಗಳನ್ನೂ ಬೆರಳಿಗೆ ಹತ್ತಿಸಿಕೊಂಡು ಬಾಯಿಗೆ ಹಾಕಿಕೊಂಡ. ನಾನು ನೋಡುತ್ತಿದ್ದುದನ್ನು ಕಂಡು ಹೇಳಿದ: "ನನ್ನನ್ನು ಬೆಳೆಸಿದ್ದು ಅಜ್ಜಿ. ತಟ್ಟೆಗೆ ಬಡಿಸಿದ್ದನ್ನು ಬಿಟ್ಟರೆ ಬಡಿಸಿದವರಿಗೆ ಅವಮಾನ ಮಾಡಿದ ಹಾಗೆ ಅನ್ನುತ್ತಿದ್ದಳು. ತಟ್ಟೆ ಖಾಲಿಯಾದರೆ ಊಟ ಮುಗಿಯಿತು ಅಂತ ಅರ್ಥ."

ನಮ್ಮಲ್ಲಿ ಖಾಲಿ ತಟ್ಟೆಯ ಅರ್ಥವೇ ಬೇರೆ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಹೆದ್ದಾರಿಯ ಪಕ್ಕ ಮರಗಳ ಮೇಲೆ ತಲೆ ಎತ್ತಿ ನಿಂತ ಬೆಳ್ಳಗಿನ ದೊಡ್ಡ ಪ್ರತಿಮೆಯೊಂದು ಕಾಣಿಸಿತು. ಸುಮಿತ್ರಾ ಅದರ ಇತಿಹಾಸ ಹೇಳತೊಡಗಿದಳು, ಮಾತು ಆ ಕಡೆ ಹೋಯಿತು. ಆ ಪ್ರತಿಮೆ ಅಲ್ಲಿರದಿದ್ದರೆ ಮುಂದಿನ ಅನಾಹುತ ತಪ್ಪುತ್ತಿತ್ತು ಎಂದು ಹೇಳಿ ಜಾರಿಕೊಳ್ಳಬಹುದು. ಆದರೆ ತಪ್ಪು ಪ್ರತಿಮೆಯದಲ್ಲ.

ಹ್ಯೂಸ್ಟನ್ನಿನಲ್ಲಿ ಇಳಿದಾಗ ಎರಡೂ ಸ್ವೆಟರ್ ತೆಗೆದು ಚೀಲಕ್ಕೆ ತುರುಕಿದೆ. ಇಪ್ಪತ್ತೇಳು ಡಿಗ್ರಿ, ಮೈಗೆ ಅಂಟುವ ಸೆಕೆ. ಪಂದ್ಯ ಇದ್ದದ್ದು ನಾಲ್ಕು ಗಂಟೆಗೆ. ಅದಕ್ಕೂ ಮುಂಚೆ ಮಧ್ಯಾಹ್ನದ ಊಟ ಸುಮಿತ್ರಾಳ ಕಾಲೇಜಿನ ಗೆಳತಿ ವಸಂತಿಯ ಮನೆಯಲ್ಲಿ. ವಸಂತಿ ಉಡುಪಿಯವರು. ಬಾಗಿಲು ತೆಗೆಯುತ್ತಲೇ, "ಬನ್ನಿ ಬನ್ನಿ, ಎಂಥ ಇಷ್ಟು ತಡ ಮಾಡಿದ್ರಿ?" ಎಂದರು. ಅಡುಗೆಮನೆಯಿಂದ ತೆಂಗಿನಕಾಯಿಯ, ಏಲಕ್ಕಿಯ ಪರಿಮಳ.

ಚೀಲ ಬಿಚ್ಚುವಾಗ ಮೊಣಕಾಲಿಗೆ ಸುತ್ತುವ ಟೇಪು ಮನೆಯಲ್ಲೇ ಉಳಿದದ್ದು ಸುಮಿತ್ರಾಳಿಗೆ ಗೊತ್ತಾಯಿತು. ತರಲು ಹೊರಟವಳು ಬಾಗಿಲಲ್ಲಿ ನಿಂತು ನನಗೆ ಹೇಳಿದಳು. "ಅಣ್ಣಾ, ಅವಗ ಹಗುರ ಊಟ ಆಗ್ಬೇಕು. ನಾಕಕ್ಕ ಓಡ್ಬೇಕವ. ನೀ ನೋಡ್ಕೋ."

"ಆತು, ನಾ ಅದೀನಲ್ಲ" ಎಂದೆ.

ಇದ್ದೆ, ನಿಜ. ಅವನ ಪಕ್ಕದ ಕುರ್ಚಿಯಲ್ಲೇ ಇದ್ದೆ. ವಸಂತಿ ಮೊದಲು ಎರಡು ನೀರುದೋಸೆ ಹಾಕಿದರು, ಕಡಲೆಯ ಗಸಿ ಬಡಿಸಿದರು. ಇಲ್ಮಾರಿ ಅಚ್ಚುಕಟ್ಟಾಗಿ ತಿಂದು ತಟ್ಟೆ ಖಾಲಿ ಮಾಡಿದ. ಖಾಲಿ ತಟ್ಟೆ ಕಂಡ ವಸಂತಿ ಇನ್ನೆರಡು ಹಾಕಿದರು. ಅವನು "ಸಾಕು, ತುಂಬಾ ಚೆನ್ನಾಗಿತ್ತು" ಎಂದ. ಮೊದಲ ಸಲದ ಸಾಕು ಎಂಬುದನ್ನು ನಮ್ಮ ಹೆಣ್ಣುಮಕ್ಕಳು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೈಯನ್ನು ತಟ್ಟೆಯ ಮೇಲೆ ಅಡ್ಡ ಹಿಡಿದು, ಮೈ ಹಿಂದಕ್ಕೆ ಸರಿಸಿ, ಮೂರು ಸಲ ಬೇಡವೆಂದ ಮೇಲೂ ಒಂದು ಬೀಳುತ್ತದೆ. ಇವನಿಗೆ ಅದೆಲ್ಲಿ ಗೊತ್ತು? ಬಡಿಸಿದ್ದನ್ನು ಬಿಡಬಾರದೆಂದು ತಿಂದ. ತಟ್ಟೆ ಖಾಲಿಯಾಯಿತು. ಮತ್ತೆ ಬಿತ್ತು.

"ನೀರುದೋಸೆ ಅಂದ್ರೆ ಎಂಥದು ಮಾರಾಯ್ರೆ, ಗಾಳಿ ತಿಂದ ಹಾಗೆ" ಎಂದರು ವಸಂತಿ. "ನಮ್ಮ ಮನೆಯ ಮಕ್ಕಳು ಒಂದು ತಿಂದು ಏಳ್ತಾರೆ. ಇವರು ನೋಡಿ ಎಷ್ಟು ಪ್ರೀತಿಯಿಂದ ತಿಂತಾರೆ."

ಆ ಮೇಜಿನಲ್ಲಿ ಅಜ್ಜಿಯ ನಿಯಮ ಗೊತ್ತಿದ್ದವನು ನಾನೊಬ್ಬನೇ, ವಸಂತಿಯ ನಿಯಮ ಗೊತ್ತಿದ್ದವನೂ ನಾನೇ. ಒಂದು ಮಾತು ಹೇಳಿದ್ದರೆ ಆಗಿತ್ತು. ಹೇಳಲಿಲ್ಲ. ಯಾಕೆಂದರೆ ನನಗೆ ಖುಷಿಯಾಗುತ್ತಿತ್ತು. ಎಲ್ಲಿಯ ಹಿಮದ ನಾಡಿನವನೋ ನಮ್ಮ ದೋಸೆಯನ್ನು ಹೀಗೆ ತಿನ್ನುತ್ತಾನಲ್ಲ ಎಂದು ಎದೆ ಉಬ್ಬಿಸಿ ಕೂತಿದ್ದೆ. ಹನ್ನೊಂದು ದೋಸೆಯ ಮೇಲೆ ಎರಡು ಬಟ್ಟಲು ಶಾವಿಗೆ ಪಾಯಸವಾಯಿತು. ಕೊನೆಯ ಬಟ್ಟಲಿಗೆ ಅವನ ಹಣೆಯಲ್ಲಿ ಬೆವರು ಬಂದಿತ್ತು. ಅದನ್ನು ಸೆಕೆಯ ಲೆಕ್ಕಕ್ಕೆ ಬರೆದೆ.

ನಾಲ್ಕು ಗಂಟೆಗೆ ಆಟ ಶುರುವಾಯಿತು. ಹತ್ತನೇ ನಿಮಿಷಕ್ಕೇ ಇಲ್ಮಾರಿ ಪಕ್ಕೆ ಹಿಡಿದುಕೊಂಡ. ಹಿಂದೆ ನೋಡುವುದನ್ನು ಬಿಟ್ಟಿದ್ದ. ಬಾಲ್ ಬಂದ ಮೇಲೆ ಯಾರಿದ್ದಾರೆಂದು ಹುಡುಕುತ್ತಿದ್ದ, ಅಷ್ಟರಲ್ಲಿ ಎದುರಾಳಿ ಕಸಿದುಕೊಂಡು ಹೋಗುತ್ತಿದ್ದ. ಅವನು ಬಲಕ್ಕೇ ತಿರುಗುತ್ತಾನೆಂಬುದನ್ನೂ ಅವರು ಗಮನಿಸಿಬಿಟ್ಟಿದ್ದರು. ಅವನ ಬಲಕ್ಕೇ ಒಬ್ಬನನ್ನು ನಿಲ್ಲಿಸಿದ್ದರು. ಹಾಫ್ ಟೈಮಿಗೆ ಕೋಚ್ ಅವನನ್ನು ಕೂರಿಸಿ ಬೇರೊಬ್ಬನನ್ನು ಕಳಿಸಿದ. ಇಲ್ಮಾರಿ ಬೆಂಚಿನ ತುದಿಯಲ್ಲಿ ಟವೆಲನ್ನು ತಲೆಯ ಮೇಲೆ ಹಾಕಿಕೊಂಡು ಪಂದ್ಯ ಮುಗಿಯುವ ತನಕ ಅಲುಗಾಡದೆ ಕೂತಿದ್ದ. ಕೋಚ್ ಪುಸ್ತಕದಲ್ಲಿ ಬರೆದ.

ವ್ಯಾನಿನ ಹತ್ತಿರ ಸುಮಿತ್ರಾ ಕೇಳಿದಳು. "ಎಷ್ಟ್ ತಿಂದಾನವ?"

ಹೇಳಿದೆ.

ಅವಳು ನನ್ನನ್ನು ನೋಡಿದಳು. ಬೈಯಲಿಲ್ಲ. ಅವಳು ಬೈಯದಿದ್ದಾಗ ನನಗೆ ನಿಜವಾಗಿ ಭಯವಾಯಿತು. "ಹತ್ತು ತಿಂಗಳು, ಅಣ್ಣಾ" ಎಂದಳು. ಆಮೇಲೆ ಮರುದಿನ ಬೆಳಗಿನ ತನಕ ನನ್ನ ಜೊತೆ ಮಾತಾಡಲಿಲ್ಲ. ಇಲ್ಮಾರಿ ಮಾತ್ರ, "ಅವರು ಪ್ರೀತಿಯಿಂದ ಬಡಿಸಿದರು. ಬಿಡಲು ನನಗೆ ಆಗಲಿಲ್ಲ, ಅಷ್ಟೇ" ಎಂದ. ಅಷ್ಟು ನಾಚಿಕೆ ನನಗೆ ಯಾವ ಮೈದಾನದಲ್ಲೂ ಆಗಿರಲಿಲ್ಲ.

ಭಾನುವಾರ ಹ್ಯೂಸ್ಟನ್ನಿನಿಂದ ಆಸ್ಟಿನ್ನಿಗೆ ನೂರ ಅರವತ್ತೈದು ಮೈಲು, ಹೆಚ್ಚುಕಡಿಮೆ ಮೂರು ತಾಸು. ಬಯಲು ಮುಗಿದು ನೆಲ ಸ್ವಲ್ಪ ಸ್ವಲ್ಪವೇ ಏರಿಳಿಯತೊಡಗಿತು. ದಾರಿಯಲ್ಲಿ ಮೊಟ್ಟೆ, ಆಲೂಗಡ್ಡೆ ತುಂಬಿದ ಟಾಕೋ ಮಾರುವ ಸಣ್ಣ ಅಂಗಡಿಯೊಂದರಲ್ಲಿ ತಿಂಡಿಗೆ ಕೂತೆವು. ಅಲ್ಲಿ ನನಗೆ ತಡೆಯಲಾಗಲಿಲ್ಲ.

"ಇಲ್ಮಾರಿ, ನಿನ್ನೆ ತಪ್ಪು ನನ್ನದು" ಎಂದೆ. ಎರಡು ನಿಯಮಗಳ ಕತೆ ಹೇಳಿದೆ, ಗೊತ್ತಿದ್ದೂ ಸುಮ್ಮನೆ ಕೂತು ಖುಷಿಪಟ್ಟದ್ದನ್ನೂ ಹೇಳಿದೆ. ಅವನು ನಿಧಾನವಾಗಿ ಕೇಳಿದ. ಆಮೇಲೆ, "ಹಾಗಾದರೆ ನಿಲ್ಲಿಸುವುದು ಹೇಗೆ?" ಎಂದ.

ತೋರಿಸಿಕೊಟ್ಟೆ. ಅಂಗೈ ಕೆಳಗೆ, ಬೆರಳು ಬಿಡಿಸಿ, ತಟ್ಟೆಗೆ ನಾಲ್ಕು ಬೆರಳು ಮೇಲೆ. ಮೈ ಹಿಂದಕ್ಕೆ. ಬಾಯಲ್ಲಿ "ಸಾಕು, ಸಾಕು, ಸಾಕು." ಅವನು ಫ್ರೀ ಕಿಕ್ ಕಲಿಯುವಷ್ಟು ಶ್ರದ್ಧೆಯಿಂದ ಟಾಕೋದ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು ಅಭ್ಯಾಸ ಮಾಡಿದ. ಹಿಂದಿನ ಸಂಜೆಯಿಂದ ಮುಖ ಬಿಗಿದುಕೊಂಡಿದ್ದ ಸುಮಿತ್ರಾಳಿಗೆ ನಗು ಬಂತು. ಅವಳು ನಕ್ಕದ್ದೇ ಧೈರ್ಯವಾಗಿ ಇನ್ನೊಂದನ್ನೂ ಹೇಳಿದೆ. "ನೀನು ಎಡಕ್ಕೆ ತಿರುಗುತ್ತಿಲ್ಲ."

ಸುಮಿತ್ರಾ ಕಣ್ಣು ಬಿಟ್ಟಳು.

"ಗೊತ್ತು" ಎಂದ ಇಲ್ಮಾರಿ. "ಅವತ್ತು ಎಡಕ್ಕೆ ತಿರುಗಿದಾಗ ಒಳಗೆ ಸದ್ದು ಕೇಳಿಸಿತು. ಆಮೇಲೆ ಸ್ಟ್ರೆಚರಿನ ಮೇಲೆ ಮಲಗಿಸಿ ತಂದರು. ಮೈದಾನ ಕಾಣಲಿಲ್ಲ, ಆಕಾಶ ಮಾತ್ರ ಕಾಣುತ್ತಿತ್ತು. ಹದಿನಾರು ವರ್ಷ ಆಡಿದ್ದರ ಕೊನೆ ಅದಾಗಬಾರದು. ಇನ್ನೊಂದೇ ಸೀಸನ್ ಆಡಿ, ನಡೆದುಕೊಂಡು ಹೊರಗೆ ಬರಬೇಕು. ಅಷ್ಟೇ ನನಗೆ ಬೇಕಾಗಿರೋದು."

ಆಸ್ಟಿನ್ನಿನಲ್ಲಿ ದ ಡೊಮೇನ್ ಎಂಬ ದೊಡ್ಡ ಅಂಗಡಿಸಾಲಿನ ಹತ್ತಿರ ಹೋಟೆಲು. ಸಂಜೆ ನಾಲ್ಕಕ್ಕೆ ಪಕ್ಕದ ಪಾರ್ಕಿಗೆ ಹೋದೆವು. ಬಿಸಿಲು ಚೆನ್ನಾಗಿತ್ತು, ಆದರೆ ಅಲ್ಲಿಯ ಸೀಡರ್ ಮರಗಳ ಪರಾಗದ ಪುಡಿ ಗಾಳಿಯಲ್ಲೆಲ್ಲ ತುಂಬಿ ನನಗೆ ಸೀನು ನಿಲ್ಲಲಿಲ್ಲ. ಸುಮಿತ್ರಾ ಹತ್ತು ಹೆಜ್ಜೆ ದೂರದಿಂದ ಬಾಲ್ ಒದೆಯುವುದು, ನಾನು ಇಲ್ಮಾರಿಯ ಬಲ ಭುಜಕ್ಕೆ ಅಂಟಿ ನಿಲ್ಲುವುದು, ಅವನು ಎಡಕ್ಕೆ ತಿರುಗಲೇಬೇಕು. ಮೊದಲ ನಾಲ್ಕು ಸಲ ಅವನು ಬಾಲನ್ನು ಹಿಂದಕ್ಕೇ ಕೊಟ್ಟ. ಐದನೆಯದಕ್ಕೆ ಅರ್ಧ ತಿರುಗಿ ನಿಂತ.

ನಮ್ಮ ಕೂಗಾಟ ಕೇಳಿ ದಾರಿಯಲ್ಲಿ ಹೋಗುತ್ತಿದ್ದ ಹುಡುಗಿಯೊಬ್ಬಳು ನಿಂತಳು. "ಅಂಕಲ್, ಕನ್ನಡದವ್ರಾ? ಏನ್ ಮಾಡಾಕತ್ತೀರಿ?" ಕಲಬುರಗಿಯ ನಸ್ರೀನ್, ಇಲ್ಲಿಯ ವಿಶ್ವವಿದ್ಯಾಲಯದಲ್ಲಿ ಎಂ.ಎಸ್. ಓದುತ್ತಿದ್ದಳು. ಊರಲ್ಲಿ ಕಾಲೇಜಿನ ಹಾಕಿ ತಂಡದಲ್ಲಿ ಆಡಿದವಳಂತೆ. ವಿಷಯ ಹೇಳಿದೆ. ಬ್ಯಾಗು ಹುಲ್ಲಿನ ಮೇಲಿಟ್ಟು ನನ್ನನ್ನು ಪಕ್ಕಕ್ಕೆ ಸರಿಸಿದಳು. "ನೀವು ಮೆತ್ತಗ ನಿಂತೀರಿ ಅಂಕಲ್. ಡಿಫೆಂಡರ್ ಅಂದ್ರ ಹಿಂಗಲ್ರಿ." ಭುಜಕ್ಕೆ ಭುಜ ಕೊಟ್ಟು ನಿಂತಳು. ಇಲ್ಮಾರಿ ಒಮ್ಮೆ ಸುಮಿತ್ರಾಳ ಕಡೆ ನೋಡಿದ. ಸುಮಿತ್ರಾ ಬಾಲನ್ನು ಕಾಲಡಿ ಒತ್ತಿ ಹಿಡಿದು, "ಆ ಮೊಣಕಾಲು ನನ್ನ ಕೈಯಲ್ಲಿ ರೆಡಿಯಾಗಿದ್ದು. ನಾನು ಸರಿ ಇದೆ ಅಂದರೆ ಸರಿ ಇದೆ" ಎಂದು ಇಂಗ್ಲಿಷಿನಲ್ಲಿ ಹೇಳಿ ಜೋರಾಗಿ ಒದ್ದಳು. ಅವನು ಎಡಕ್ಕೆ ತಿರುಗಿದ. ಏನೂ ಆಗಲಿಲ್ಲ. ಹುಲ್ಲಿನ ಮೇಲೆ ನಿಂತು ತನ್ನ ಕಾಲನ್ನೇ ನೋಡಿಕೊಂಡ. ಹೊತ್ತು ಇಳಿಯುವುದರೊಳಗೆ ಮೂವತ್ತೊಂಬತ್ತು ಸಲ ತಿರುಗಿದ. ಎಣಿಸಿದ್ದು ನಾನೇ, ನಡುವೆ ಸೀನುತ್ತಾ.

ಸೋಮವಾರ ಹನ್ನೊಂದಕ್ಕೆ ಕೊನೆಯ ಪಂದ್ಯ. ಹದಿನೆಂಟು ಡಿಗ್ರಿ, ಮೋಡವಿಲ್ಲದ ಆಕಾಶ. ಪಾರ್ಕಿಂಗಿಗೆ ಇಪ್ಪತ್ತು ಡಾಲರ್ ಕಿತ್ತುಕೊಂಡರು. ನಸ್ರೀನ್ ಕ್ಲಾಸು ತಪ್ಪಿಸಿ ಬಂದಿದ್ದಳು. ಇಲ್ಮಾರಿ ಬೆಳಿಗ್ಗೆ ಒಂದು ಬಾಳೆಹಣ್ಣು, ಎರಡು ಕಡಕ್ ರೊಟ್ಟಿ ತಿಂದಿದ್ದ. ಇನ್ನೊಂದು ಕೊಡಲು ಹೋದ ನನಗೆ ಅಂಗೈ ಅಡ್ಡ ಹಿಡಿದು ತೋರಿಸಿದ್ದ.

ಇಪ್ಪತ್ತನೇ ನಿಮಿಷ. ನಡು ಮೈದಾನದಲ್ಲಿ ಅವನಿಗೆ ಬಾಲ್ ಬಂತು. ಹ್ಯೂಸ್ಟನ್ನಿನಲ್ಲಿ ಆದ ಹಾಗೆ ಬಲಕ್ಕೆ ಒಬ್ಬ ಕಾಯ್ದು ನಿಂತಿದ್ದ. ಇಲ್ಮಾರಿ ಎಡಕ್ಕೆ ತಿರುಗಿದ. ತಿರುಗಿದ್ದೇನೋ ಸರಿ, ಬಾಲ್ ಅರ್ಧ ಹೆಜ್ಜೆ ಮುಂದೆ ಹೋಯಿತು. ಎದುರಾಳಿಯೊಬ್ಬ ಅದನ್ನು ಎತ್ತಿಕೊಂಡು ಓಡಿದ, ಮೂರು ಪಾಸಿನಲ್ಲಿ ಗೋಲು. ಎಲ್ಲಾ ಮುಗಿಯಿತು, ಮುಗಿಸಿದ್ದೂ ನಾನೇ ಎಂದುಕೊಂಡೆ. ದೋಸೆ ಸಾಲದೆಂದು ಬುದ್ಧಿ ಬೇರೆ ಹೇಳಲು ಹೋಗಿದ್ದೆ. ಕೋಚ್ ಬೀಜ ಅಗಿಯುವುದನ್ನು ನಿಲ್ಲಿಸಿ ಪುಸ್ತಕ ತೆರೆದ.

ಆಟ ಮತ್ತೆ ಶುರುವಾಯಿತು. ಇಲ್ಮಾರಿ ಮತ್ತೆ ಅದೇ ಜಾಗಕ್ಕೆ ಹೋಗಿ ನಿಂತು, ಕೈ ಚಾಚಿ ಬಾಲ್ ಕೇಳಿದ. ಅವನ ತಂಡದ ಹುಡುಗ ಕೊಡಲೋ ಬೇಡವೋ ಎಂದು ಅನುಮಾನಿಸಿದ. ಇಲ್ಮಾರಿ ಕೈ ಇಳಿಸಲಿಲ್ಲ. ಕೊಟ್ಟ. ಬಾಲ್ ಬರುವ ಮೊದಲು ಅವನು ಬಲ ಭುಜದ ಮೇಲಿಂದ ನೋಡಿದ, ಎಡ ಭುಜದ ಮೇಲಿಂದ ನೋಡಿದ, ಎಡಕ್ಕೆ ತಿರುಗಿದ. ಈ ಸಲ ಬಾಲ್ ಕಾಲಿಗೆ ಅಂಟಿಕೊಂಡೇ ಬಂತು. ಮುಂದೆ ಮೈದಾನ ಬಿಚ್ಚಿಕೊಂಡಿತ್ತು. ಮೂವತ್ತು ಗಜದ ಪಾಸ್, ಬಲ ಅಂಚಿನ ಹುಡುಗನ ಓಟಕ್ಕೆ ಸರಿಯಾಗಿ. ಅವನು ತಪ್ಪಲಿಲ್ಲ, ಗೋಲು. ನಸ್ರೀನ್ ನನ್ನ ಬೆನ್ನಿಗೆ ಹೊಡೆದ ಏಟು ಎರಡು ದಿನ ನೋಯುತ್ತಿತ್ತು.

ಆಮೇಲೆ ಅವನು ಎಡಕ್ಕೆ ಎಷ್ಟು ಸಲ ತಿರುಗಿದ ಎಂದು ಎಣಿಸುವುದನ್ನು ಬಿಟ್ಟೆ. ಎಪ್ಪತ್ತೆಂಟನೇ ನಿಮಿಷಕ್ಕೆ ಅವನ ಬದಲು ಇನ್ನೊಬ್ಬನನ್ನು ಕಳಿಸಲು ಬೋರ್ಡು ಎತ್ತಿದರು. ಇಲ್ಮಾರಿ ಮೈದಾನದ ಆ ತುದಿಯಲ್ಲಿದ್ದ. ಅಲ್ಲಿಂದ ಈ ಗೆರೆಯ ತನಕ ಅವನು ನಡೆದುಕೊಂಡು ಬಂದ. ರೆಫರಿ ಬೇಗ ಹೋಗೆಂದು ಕೈ ಮಾಡಿದರೂ ಓಡಲಿಲ್ಲ. ತಲೆ ಎತ್ತಿ, ಎರಡೂ ಕಾಲಿನ ಮೇಲೆ ಸಮನಾಗಿ ಭಾರ ಹಾಕಿ, ಹೆಜ್ಜೆ ಹೆಜ್ಜೆಗೂ ಹುಲ್ಲು ನೋಡುತ್ತಾ ಬಂದ. ಮೆಟ್ಟಿಲ ಮೇಲೆ ಸುಮಿತ್ರಾ ಸೆರಗಿಲ್ಲದ್ದಕ್ಕೆ ಜಾಕೆಟ್ಟಿನ ತೋಳಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ನಾನೂ ಒರೆಸಿಕೊಂಡೆ, ಸೀಡರ್ ಮರದ ಹೆಸರು ಹೇಳಿ.

"ನಾಳೆ ಫೋನ್ ಮಾಡುತ್ತೇನೆ" ಎಂದ ಕೋಚ್. ಪುಸ್ತಕ ಮುಚ್ಚಿತ್ತು, ಮುಖ ನೋಡಿ ಏನೂ ತಿಳಿಯುವಂತಿರಲಿಲ್ಲ.

ಮಂಗಳವಾರ ಆಸ್ಟಿನ್ನಿನಿಂದ ವಾಪಸು, ಇನ್ನೂರ ಹತ್ತು ಮೈಲು. ಹೆದ್ದಾರಿಯ ತುಂಬ ಲಾರಿಗಳು, ಅಲ್ಲಲ್ಲಿ ರಸ್ತೆ ಅಗೆತ. ಇಲ್ಮಾರಿಯ ಫೋನು ಮುಂದಿನ ಡ್ಯಾಶ್‌ಬೋರ್ಡಿನ ಮೇಲೆ ಮಲಗಿತ್ತು, ಮೂವರೂ ಅದನ್ನು ನೋಡದವರ ಹಾಗೆ ನೋಡುತ್ತಿದ್ದೆವು. ದಾರಿಯಲ್ಲಿ ಚೆಕ್ ದೇಶದಿಂದ ಬಂದು ನೆಲೆಸಿದವರ ಬೇಕರಿಯಲ್ಲಿ ನಡುವೆ ಏಪ್ರಿಕಾಟ್ ತುಂಬಿದ ಬನ್ನು ತಿಂದೆವು. ನಮ್ಮ ಊರಲ್ಲೂ ಹೀಗೇ ಇರುತ್ತದೆ ಎಂದ ಇಲ್ಮಾರಿ, ಅರ್ಧ ಬನ್ನು ಹಾಗೇ ಹಿಡಿದುಕೊಂಡಿದ್ದ. ಒಂದು ಸಲ ಫೋನು ಹೊಡೆದುಕೊಂಡಿತು, ಆದರೆ ಸುಮಿತ್ರಾಳದು. ವಸಂತಿ. ಹ್ಯೂಸ್ಟನ್ನಿನ ಸುದ್ದಿ ಅವರಿಗೆ ಸುಮಿತ್ರಾಳಿಂದ ತಿಳಿದಿತ್ತು. "ಅಯ್ಯೋ, ನಂಗೆ ಗೊತ್ತೇ ಇರ್ಲಿಲ್ಲ ಮಾರಾಯ್ರೆ, ನಿದ್ದೆ ಬರ್ಲಿಲ್ಲ ನಂಗೆ" ಎಂದು ಸ್ಪೀಕರಿನಲ್ಲಿ ಹೇಳುತ್ತಲೇ ಇದ್ದರು. ಇಲ್ಮಾರಿ ಅವರ ಮಾತು ಅರ್ಥವಾಗದಿದ್ದರೂ, "ದೋಸೆ ತುಂಬಾ ಚೆನ್ನಾಗಿತ್ತು" ಎಂದ.

ಎರಡು ಗಂಟೆಗೆ ಫ್ಲವರ್ ಮೌಂಡ್ ಮುಟ್ಟಿದೆವು. ಗಾಳಿ ನಿಂತಿತ್ತು, ಮನೆಯೆದುರಿನ ಹುಲ್ಲು ಬಿಸಿಲಲ್ಲಿ ಒಣಗಿ ಹಳದಿಯಾಗಿ ಹೊಳೆಯುತ್ತಿತ್ತು. ಸುಮಿತ್ರಾ ಅರ್ಧ ತಾಸಿನಲ್ಲಿ ಬದನೆಕಾಯಿ ಎಣ್ಣೆಗಾಯಿ ಮಾಡಿ, ಡಬ್ಬಿಯಲ್ಲಿದ್ದ ಕಡಕ್ ರೊಟ್ಟಿ ತೆಗೆದಳು. ಊಟಕ್ಕೆ ಕೂತೆವು. ಇಲ್ಮಾರಿ ಒಂದು ರೊಟ್ಟಿ ಮುಗಿಸಿದ. ಸುಮಿತ್ರಾ ಇನ್ನೊಂದು ಹಿಡಿದು ಬಂದಳು. ಅವನು ಕಲಿತ ಹಾಗೇ ಅಂಗೈ ಅಡ್ಡ ಹಿಡಿದು, ಮೈ ಹಿಂದಕ್ಕೆ ಸರಿಸಿ, "ಸಾಕು, ಸಾಕು" ಎಂದ. ಮೂರನೆಯ ಸಾಕು ಹೇಳುವ ಮೊದಲು ಫೋನು ಬಂತು.

ಎಡಗೈಯಲ್ಲಿ ಫೋನು ಹಿಡಿದು ಕೇಳಿದ. ಬಲಗೈ ತಟ್ಟೆಯ ಮೇಲೆ ಹಾಗೇ ಇತ್ತು. "ಹೌದು" ಎಂದ. ಅತ್ತಲಿನ ಮಾತು ಕೇಳಿಸಿಕೊಂಡು, "ಯಾಕೆ?" ಎಂದ. "ಹೌದು" ಎಂದ. "ಥ್ಯಾಂಕ್ಸ್" ಎಂದು ಫೋನನ್ನು ಮೇಜಿನ ಮೇಲೆ ಇಟ್ಟ. ಅವನ ಮುಖದಿಂದ ಏನಾದರೂ ತಿಳಿಯುವುದೆಂದರೆ ಅವನು ಫಿನ್‌ಲ್ಯಾಂಡಿನವನೇ ಅಲ್ಲ.

"ಏನಂದ್ರು?" ಸುಮಿತ್ರಾ ಕನ್ನಡದಲ್ಲೇ ಕೇಳಿಬಿಟ್ಟಳು, ಕೈಯಲ್ಲಿ ರೊಟ್ಟಿ.

"ಒಂದು ವರ್ಷ" ಎಂದ ಇಲ್ಮಾರಿ. ಆಮೇಲೆ ನನ್ನ ಕಡೆ ತಿರುಗಿದ. "ಯಾಕೆಂದು ಕೇಳಿದೆ. ಗೋಲು ಕೊಡಿಸಿದ್ದಕ್ಕಲ್ಲ ಅಂದರು. ಬಾಲ್ ಕಳೆದುಕೊಂಡ ಮೇಲೆ ಅದೇ ಜಾಗದಲ್ಲಿ ನಿಂತು ಮತ್ತೆ ಕೇಳಿದೆನಲ್ಲ, ಅದಕ್ಕಂತೆ."

ಅವನು ಒಂದೊಂದೇ ಬೆರಳು ಮಡಚುತ್ತಾ ತಟ್ಟೆಯ ಮೇಲಿನ ಕೈಯನ್ನು ತೆಗೆದ. ತೆಗೆದು, ತಟ್ಟೆಯನ್ನು ಸುಮಿತ್ರಾಳ ಕಡೆ ಸರಿಸಿದ. ಅವಳು ಕೈಯಲ್ಲಿದ್ದ ರೊಟ್ಟಿ ಹಾಕಿದಳು. ಅವನು ತಟ್ಟೆ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಇನ್ನೊಂದು ಹಾಕಿದಳು.